ದರ ಏರುವ ಮುಂಚೆ ಮೀಟರ್ ತುಂಬಿಸಿಟ್ಟರೆ ಉಳಿಯುವುದೆಷ್ಟು?

ಮಾರ್ಚ್ ಕೊನೆಯ ವಾರ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ತಪ್ಪದೆ ಸುತ್ತುತ್ತದೆ: "ಒಂದನೇ ತಾರೀಖಿನಿಂದ ಕರೆಂಟ್ ರೇಟ್ ಜಾಸ್ತಿ. ಇವತ್ತೇ ಮೀಟರಿಗೆ ಐದೋ ಹತ್ತೋ ಸಾವಿರ ಹಾಕಿಟ್ಕೊಳ್ಳಿ." ಮೊಬೈಲ್ ದರ ಏರುವ ಮುಂಚೆ ಇಡೀ ವರ್ಷದ ಪ್ಯಾಕ್ ಹಾಕಿಸಿಕೊಂಡು ಗೆದ್ದ ಅಭ್ಯಾಸ ನಮಗಿದೆ. ಅದೇ ಲೆಕ್ಕ ಕರೆಂಟಿಗೂ ನಡೆಯುತ್ತದೆಂದು ನಂಬುತ್ತೇವೆ. ನಡೆಯುವುದಿಲ್ಲ. ಮೊಬೈಲ್ ಪ್ಯಾಕಿನಲ್ಲಿ ಕೊಂಡದ್ದು ದಿನಗಳನ್ನು ಮತ್ತು ಡೇಟಾವನ್ನು; ಮೀಟರಿಗೆ ಹಾಕಿದ್ದು ಬರೀ ದುಡ್ಡು. ಆ ದುಡ್ಡು ಖರ್ಚಾಗುವುದು ಕರೆಂಟ್ ಉರಿಸಿದ ದಿನದ ದರದಲ್ಲಿ, ರೀಚಾರ್ಜ್ ಮಾಡಿದ ದಿನದ ದರದಲ್ಲಲ್ಲ.

ಹಾಗಾದರೆ ಈ ಸಲಹೆ ಬಂದದ್ದು ಎಲ್ಲಿಂದ? ಯೂನಿಟ್ಟನ್ನೇ ಕೂಡಿಡುವ ಮೀಟರುಗಳೂ ಪ್ರಪಂಚದಲ್ಲಿವೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಹಲವು ದೇಶಗಳಿಗೆ ಹಬ್ಬಿದ ಕೀಪ್ಯಾಡ್ ಮೀಟರ್ ಅಂಥದ್ದು. ದುಡ್ಡು ಕೊಟ್ಟರೆ 20 ಅಂಕಿಯ ಟೋಕನ್ ಸಿಗುತ್ತದೆ, ಅದನ್ನು ಒತ್ತಿದರೆ ಮೀಟರಿನೊಳಗೆ ಇಷ್ಟು ಯೂನಿಟ್ ಎಂದು ಜಮಾ ಆಗುತ್ತದೆ. ಆಮೇಲೆ ದರ ಏರಿದರೂ ಜಮಾ ಆದ ಯೂನಿಟ್ ಕರಗುವುದಿಲ್ಲ. ಅಲ್ಲಿನ ನಗರಪಾಲಿಕೆಗಳು ದರ ಬದಲಿಸುವುದು ಜುಲೈ 1ಕ್ಕೆ, ಹಾಗಾಗಿ ಜೂನ್ ಕೊನೆಯಲ್ಲಿ ಕೊಂಡಿಡುವುದಕ್ಕೆ ಅರ್ಥವಿದೆ. ಅಲ್ಲೂ ಒಂದು ಕೊಕ್ಕೆ ಉಂಟು: ಹಲವು ಕಡೆ ಸ್ಲ್ಯಾಬ್ ಎಣಿಸುವುದು ಆ ತಿಂಗಳು ಕೊಂಡ ಯೂನಿಟ್ಟಿನ ಮೇಲೆ. ಎರಡು ತಿಂಗಳಿನದನ್ನು ಒಟ್ಟಿಗೆ ಕೊಂಡರೆ ಮೇಲಿನ ಸ್ಲ್ಯಾಬಿಗೆ ಹತ್ತಿ, ಉಳಿಸಲು ಹೋದದ್ದು ಅಲ್ಲೇ ಹೋಗುತ್ತದೆ. ಬ್ರಿಟನ್ನಿನ ಹಳೇ ಕೀ ಮೀಟರಿನ ಕಥೆ ಬೇರೆ. ಅದರಲ್ಲಿರುವುದು ದುಡ್ಡೇ, ಆದರೆ ದರ ಕೂತಿರುವುದು ಮೀಟರಿನ ಒಳಗೆ. ರೀಚಾರ್ಜ್ ಮಾಡಿದ ಕೀಯನ್ನು ಮತ್ತೆ ತೂರಿಸುವ ತನಕ ಹೊಸ ದರ ಒಳಗೆ ಹೋಗುವುದಿಲ್ಲ. 2022ರಲ್ಲಿ ಅಲ್ಲಿ ದರ ಜಿಗಿದಾಗ ಮುಂಚೆಯೇ ತುಂಬಿಸಿಡಿ ಎಂದದ್ದು ಈ ಕಾರಣಕ್ಕೆ. ಅದೇ ದೇಶದ ಸ್ಮಾರ್ಟ್ ಮೀಟರಿಗೆ ಈ ಉಪಾಯ ನಾಟುವುದಿಲ್ಲ, ದರ ತಾನಾಗಿಯೇ ಬದಲಾಗುತ್ತದೆ.

ಬೆಂಗಳೂರಿನಲ್ಲಿ ನೀವು ಕಾಣುವ ಪ್ರೀಪೇಯ್ಡ್ ಮೀಟರುಗಳು ಬಹುಪಾಲು ಈ ಕೊನೆಯ ಜಾತಿಯವು. ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಬೆಸ್ಕಾಂ ಮತ್ತು ಜನರೇಟರ್ ಎರಡನ್ನೂ ಬೇರೆಬೇರೆ ಎಣಿಸುವ ಡ್ಯುಯಲ್ ಮೀಟರ್ ಇರುತ್ತದೆ. ಕೆಲವು ಪಿಜಿಗಳಲ್ಲಿ, ಬಾಡಿಗೆ ವಠಾರಗಳಲ್ಲಿ ಮಾಲೀಕರು ಹಾಕಿಸಿದ ಸಬ್ ಮೀಟರ್. ಬೆಸ್ಕಾಂ ಕೂಡ 2025ರ ಫೆಬ್ರವರಿಯಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು, ಮನೆ ಕಟ್ಟುವಾಗ ತೆಗೆದುಕೊಳ್ಳುವ ತಾತ್ಕಾಲಿಕ ಸಂಪರ್ಕಕ್ಕೆ ಅದು ಪ್ರೀಪೇಯ್ಡ್. ಇವುಗಳಲ್ಲಿ ಬ್ಯಾಲೆನ್ಸ್ ಇರುವುದು ರೂಪಾಯಿಯಲ್ಲಿ. ನಿಮ್ಮದು ಯಾವುದೆಂದು ತಿಳಿಯಲು ಆ್ಯಪ್ ನೋಡುವುದೇ ಬೇಡ: ಮೀಟರಿನ ಡಿಸ್‌ಪ್ಲೇ ಗುಂಡಿ ಒತ್ತುತ್ತ ಹೋಗಿ, ಬ್ಯಾಲೆನ್ಸ್ ಬಂದಾಗ ಪಕ್ಕದಲ್ಲಿ ರೂಪಾಯಿ ಗುರುತಿದೆಯೋ ಕೆಡಬ್ಲ್ಯುಎಚ್ (ಅಂದರೆ ಯೂನಿಟ್) ಎಂದಿದೆಯೋ ನೋಡಿ. ರಾತ್ರಿ ಹನ್ನೆರಡು ದಾಟಿದ ಮೇಲೆ ಏನೂ ಉರಿಸದೆಯೂ ಬ್ಯಾಲೆನ್ಸ್ ಸ್ವಲ್ಪ ಇಳಿದಿದ್ದರೆ ಸಂಶಯವೇ ಇಲ್ಲ, ಅದು ರೂಪಾಯಿ ಮೀಟರ್; ಇಳಿದದ್ದು ದಿನದ ನಿಗದಿತ ಶುಲ್ಕ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ನಮ್ಮಲ್ಲಿ ದರ ಹಿಂದಿನ ದಿನಾಂಕದಿಂದಲೂ ಜಾರಿಯಾಗಬಹುದು. 2023ರಲ್ಲಿ ವಿಧಾನಸಭೆ ಚುನಾವಣೆಯ ಗಲಾಟೆಯಲ್ಲಿ ದರ ನಿಗದಿ ಮಾಡುವ ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಆದೇಶ ಹೊರಬಿದ್ದದ್ದು ಮೇ 12ಕ್ಕೆ, ಅನ್ವಯವಾದದ್ದು ಏಪ್ರಿಲ್ 1ರಿಂದ. ಸರಾಸರಿ ಯೂನಿಟ್ಟಿಗೆ 70 ಪೈಸೆ ಏರಿಕೆ, ಹಿಂಬಾಕಿ ಸೇರಿ ಜೂನ್ ಬಿಲ್ಲಿನಲ್ಲಿ ಬಂದು ಕೂತಿತು. ಮುಂಗಡ ತುಂಬಿಸಿದವರಿಗೂ ಅಪಾರ್ಟ್‌ಮೆಂಟ್ ಸಂಘಗಳು ಆ ಹಿಂಬಾಕಿಯನ್ನು ಬ್ಯಾಲೆನ್ಸಿನಿಂದಲೇ ಮುರಿದುಕೊಳ್ಳಬೇಕಾಗುತ್ತದೆ, ಬೇರೆ ದಾರಿ ಇಲ್ಲ. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಎಂದು ಬಿಲ್ಲಿನಲ್ಲಿ ಬರುವ ಸಾಲೂ ಹಾಗೇ: ಹಿಂದಿನ ತಿಂಗಳುಗಳ ಖರೀದಿ ವೆಚ್ಚ ಈಗಿನ ಯೂನಿಟ್ಟಿನ ಮೇಲೆ ಬಂದು ಬೀಳುತ್ತದೆ.

ಏರಿಕೆ ಕೂತಿರುವ ಜಾಗ

"ಕರೆಂಟ್ ದರ ಏರಿತು" ಎಂದಾಗ ನಾವು ಯೂನಿಟ್ ದರವನ್ನಷ್ಟೇ ನೆನೆಯುತ್ತೇವೆ. 2025ರ ಏಪ್ರಿಲ್ ಬದಲಾವಣೆಯನ್ನು ಬಿಡಿಸಿ ನೋಡಿದರೆ ಚಿತ್ರ ಬೇರೆಯೇ. ಮನೆಬಳಕೆಯ ಯೂನಿಟ್ ದರ ಆಗ ಇಳಿಯಿತು, 5.90 ಇದ್ದದ್ದು 5.80 ರೂಪಾಯಿ ಆಯಿತು. ಏರಿದ್ದು ನಿಗದಿತ ಶುಲ್ಕ: ಮಂಜೂರಾದ ಲೋಡಿನ (ನಿಮ್ಮ ಮನೆ ಒಂದು ಹೊತ್ತಿಗೆ ಎಳೆಯಬಹುದೆಂದು ಬರೆಸಿರುವ ಮಿತಿ) ಪ್ರತಿ ಕಿಲೋವ್ಯಾಟಿಗೆ 120ರಿಂದ 145. ಜೊತೆಗೆ ನೌಕರರ ಪಿಂಚಣಿ ಮತ್ತು ಗ್ರಾಚುಟಿಗೆಂದು ಯೂನಿಟ್ಟಿಗೆ 36 ಪೈಸೆಯ ಸರ್ಚಾರ್ಜ್ ಹೊಸದಾಗಿ ಸೇರಿತು.

3 ಕಿಲೋವ್ಯಾಟ್ ಲೋಡಿನ, ತಿಂಗಳಿಗೆ 180 ಯೂನಿಟ್ ಉರಿಸುವ ಮನೆ ಇಟ್ಟುಕೊಳ್ಳಿ. ಹಳೇ ಲೆಕ್ಕ: ನಿಗದಿತ ಶುಲ್ಕ 360, ಯೂನಿಟ್ಟಿನದು 1,062, ಅದರ ಮೇಲೆ ಶೇ. 9 ವಿದ್ಯುತ್ ತೆರಿಗೆ 95.58, ಒಟ್ಟು 1,517.58. ಹೊಸ ಲೆಕ್ಕ: 435, 1,044, ಸರ್ಚಾರ್ಜ್ 64.80, ತೆರಿಗೆ 93.96, ಒಟ್ಟು 1,637.76. ಹೆಚ್ಚಾದದ್ದು 120 ರೂಪಾಯಿ, ಅದರಲ್ಲಿ 75 ನಿಗದಿತ ಶುಲ್ಕದ್ದೇ. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಆ 75 ತಪ್ಪುವುದಿಲ್ಲ. ಎಷ್ಟು ಸಾವಿರ ತುಂಬಿಸಿಟ್ಟರೂ ತಪ್ಪುವುದಿಲ್ಲ. (ಮನೆಗೆ ಬೆಸ್ಕಾಂನ ನೇರ ಮೀಟರ್ ಇದ್ದು ಗೃಹಜ್ಯೋತಿ ಮಿತಿಯೊಳಗೆ ಉರಿಸುವವರಿಗೆ ಈ ಪುರಾಣವೇ ಬೇಡ. ಅವರು ನೋಡಿಕೊಳ್ಳಬೇಕಾದ್ದು ತಿಂಗಳಿಗೆ 200 ಯೂನಿಟ್ಟಿನ ಗೆರೆ. ದಾಟಿದರೆ ಪೂರ್ತಿ ಬಿಲ್ಲು.)

ಹೀಗಿರುವಾಗ ದರ ಏರುವ ಮುಂಚೆ ನಿಜವಾಗಿ ಮಾಡಬೇಕಾದ ಕೆಲಸ ರೀಚಾರ್ಜ್ ಅಲ್ಲ, ಲೋಡ್ ಪರಿಶೀಲನೆ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದಿದೆ, ಅದರ ಪಕ್ಕ ದಾಖಲಾದ ಗರಿಷ್ಠ ಬೇಡಿಕೆ, ಅಂದರೆ ಎಂಡಿ, ಎಷ್ಟೆಂದಿದೆ ನೋಡಿ. ಬಿಲ್ಡರುಗಳು ಪ್ರತಿ ಮನೆಗೂ ಕಣ್ಣುಮುಚ್ಚಿ 5 ಕಿಲೋವ್ಯಾಟ್ ಹಾಕಿಸಿರುವುದುಂಟು. ವರ್ಷವಿಡೀ ನಿಮ್ಮ ಎಂಡಿ 2.6 ದಾಟದಿದ್ದರೆ 3ಕ್ಕೆ ಇಳಿಸಿಕೊಳ್ಳಬಹುದು; 2025ರ ದರದಲ್ಲಿ ತಿಂಗಳಿಗೆ 290, ವರ್ಷಕ್ಕೆ 3,480 ರೂಪಾಯಿ ಉಳಿತಾಯ. ಅರ್ಜಿ ಕೊಡುವುದು ನಿಮ್ಮ ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ, ಆರ್‌ಆರ್ ನಂಬರ್ ಇರುವ ಇತ್ತೀಚಿನ ಬಿಲ್ಲಿನ ಜೊತೆ. ಆತುರಪಟ್ಟು ತೀರ ಕೆಳಗೆ ಇಳಿಸಬೇಡಿ. 2 ಕಿಲೋವ್ಯಾಟಿನ ಗೀಸರ್, ಇಂಡಕ್ಷನ್ ಒಲೆ, ಒಂದೂವರೆ ಟನ್ನಿನ ಎಸಿ ಇವುಗಳಲ್ಲಿ ಎರಡು ಒಟ್ಟಿಗೆ ಓಡಿದರೂ ಮೂರೂವರೆಯ ಹತ್ತಿರ ಹೋಗುತ್ತದೆ. ಎಂಡಿ ಎಂಬುದು ಕೆಲವು ನಿಮಿಷಗಳ ಸರಾಸರಿ, ಹಾಗಾಗಿ ಮಿಕ್ಸಿ ಒಂದು ಕ್ಷಣ ಎಳೆದದ್ದು ಲೆಕ್ಕಕ್ಕಿಲ್ಲ, ಕಾಲು ಗಂಟೆ ಗೀಸರ್ ಮತ್ತು ಎಸಿ ಒಟ್ಟಿಗೆ ಓಡಿದ್ದು ಲೆಕ್ಕಕ್ಕುಂಟು. ಮಂಜೂರಾದ್ದನ್ನು ಮೀರಿದರೆ ಮೀರಿದ ಭಾಗಕ್ಕೆ ದಂಡದ ದರ. ಎಂಡಿ ನೋಡುವಾಗ ಚಳಿಗಾಲದ ಬಿಲ್ಲು, ಏಪ್ರಿಲ್ ಬಿಲ್ಲು ಎರಡನ್ನೂ ಮುಂದಿಟ್ಟುಕೊಳ್ಳಿ: ಡಿಸೆಂಬರಿನಲ್ಲಿ ಗೀಸರ್ ಏರಿಸುತ್ತದೆ, ಏಪ್ರಿಲ್‌ನಲ್ಲಿ ಎಸಿ. ಇಡೀ ಅಪಾರ್ಟ್‌ಮೆಂಟಿಗೆ ಒಂದೇ ಎಚ್‌ಟಿ (ಹೈ ಟೆನ್ಷನ್) ಸಂಪರ್ಕವಿದ್ದರೆ ಈ ಕೆಲಸ ಸಂಘದ್ದು, ಅಲ್ಲಿ ಬೇಡಿಕೆ ಶುಲ್ಕ ಕೆವಿಎ ಲೆಕ್ಕದಲ್ಲಿ ಬರುತ್ತದೆ. ಸಂಘದ ವಾರ್ಷಿಕ ಸಭೆಯಲ್ಲಿ ಲಿಫ್ಟಿನ ಬಣ್ಣದ ಬಗ್ಗೆ ಒಂದು ಗಂಟೆ ಮಾತಾಡುವ ಬದಲು ಇದಕ್ಕೆ ಹತ್ತು ನಿಮಿಷ ಕೊಟ್ಟರೆ ಎಲ್ಲರಿಗೂ ಒಳ್ಳೆಯದು.

ಆದರೂ 31ರ ಮುಂಚೆ ರೀಚಾರ್ಜ್ ಮಾಡಿ

ಉಳಿತಾಯಕ್ಕಲ್ಲ, ಕತ್ತಲಲ್ಲಿ ಕೂರದಿರಲಿಕ್ಕೆ. ಮಾರ್ಚ್ 31 ಮತ್ತು ಏಪ್ರಿಲ್ 1ರಂದು ಬ್ಯಾಂಕುಗಳ ವರ್ಷಾಂತ್ಯದ ಲೆಕ್ಕ ನಡೆಯುತ್ತದೆ. 2025ರ ಏಪ್ರಿಲ್ 1ರಂದು ಯುಪಿಐ ಪಾವತಿಗಳು ಹಲವರಿಗೆ ಕೈಕೊಟ್ಟಿದ್ದವು. ಅದೇ ಹೊತ್ತಿಗೆ ಸಂಘದವರು ಸಾಫ್ಟ್‌ವೇರಿನಲ್ಲಿ ಹೊಸ ದರ ಏರಿಸುತ್ತಿರುತ್ತಾರೆ, ಸರ್ವರ್ ಒಂದೆರಡು ಗಂಟೆ ಮಂಕಾಗುತ್ತದೆ. 28ಕ್ಕೋ 29ಕ್ಕೋ ಹಾಕಿ ಮುಗಿಸಿಬಿಡುವುದು ಕ್ಷೇಮ.

ಎಷ್ಟು ಹಾಕಬೇಕು? ದಿನಕ್ಕೆ 6 ಯೂನಿಟ್ ಉರಿಸುವ ಮನೆಗೆ ಮೇಲಿನ ದರದಲ್ಲಿ ಯೂನಿಟ್ಟಿಗೆ ತೆರಿಗೆ, ಸರ್ಚಾರ್ಜ್ ಸೇರಿ 6.68, ದಿನಕ್ಕೆ ಸುಮಾರು 40. ನಿಗದಿತ ಶುಲ್ಕ 435ನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 14.50. ಎರಡೂ ಸೇರಿ 54.58. ಇಪ್ಪತ್ತು ದಿನಕ್ಕೆ 1,092. ಅಂದರೆ 1,200 ಇದ್ದರೆ ಸಾಕು. ಕೆಲವು ಕಡೆ ಮೇಂಟೆನೆನ್ಸ್ ದುಡ್ಡನ್ನೂ ಇದೇ ಬ್ಯಾಲೆನ್ಸಿನಿಂದ ಮುರಿಯುತ್ತಾರೆ, ಅಲ್ಲಿ ಅದನ್ನೂ ಸೇರಿಸಿಕೊಳ್ಳಿ. ಹತ್ತು ಸಾವಿರ ತುಂಬಿಸಿಟ್ಟರೆ ಅದಕ್ಕೆ ಬಡ್ಡಿ ಬಾರದು, ಮನೆ ಬಿಡುವಾಗ ವಾಪಸ್ ಪಡೆಯಲು ಫೆಸಿಲಿಟಿ ಆಫೀಸಿಗೆ ಚಪ್ಪಲಿ ಸವೆಸಬೇಕು. ಕ್ರೆಡಿಟ್ ಕಾರ್ಡಿನಲ್ಲಿ ಹಾಕಿದರೆ ನಷ್ಟ ಆವತ್ತೇ ಶುರು: ಶುಲ್ಕ ಶೇ. 1.5 ಇದೆಯೆಂದರೆ 10,000ಕ್ಕೆ 150, ಅದರ ಮೇಲೆ ಶೇ. 18 ಜಿಎಸ್‌ಟಿ 27, ಒಟ್ಟು 177 ರೂಪಾಯಿ. ದರ ಏರಿಕೆಯಿಂದ ತಪ್ಪಿಸಿಕೊಳ್ಳಲು ಹೋಗಿ ಒಂದೂವರೆ ತಿಂಗಳ ಏರಿಕೆಯನ್ನು ಮುಂಗಡವಾಗಿ ಕೊಟ್ಟಂತಾಯಿತು.

ಬೇಸಿಗೆ ರಜೆಗೆ ಊರಿಗೆ ಹೊರಟವರು ಮಾತ್ರ ಹೋಗುವ ದಿನಗಳಷ್ಟು ನಿಗದಿತ ಶುಲ್ಕ ಮತ್ತು ಫ್ರಿಜ್ಜಿನ ದಿನಕ್ಕೊಂದು ಯೂನಿಟ್ ಹಿಡಿದು ಹೆಚ್ಚು ಹಾಕಿ ಹೋಗಬೇಕು. ಬೀಗ ಹಾಕಿದ ಮನೆಯಲ್ಲಿ ಬ್ಯಾಲೆನ್ಸ್ ಸೊನ್ನೆಯಾಗಿ ಮೀಟರಿನೊಳಗಿನ ರಿಲೇ ಕರೆಂಟ್ ಕಡಿದರೆ ಯಾರಿಗೂ ಗೊತ್ತಾಗದು. ಹದಿನೈದು ದಿನ ಬಿಟ್ಟು ಬಾಗಿಲು ತೆಗೆದಾಗ ಮೂಗಿಗೆ ಗೊತ್ತಾಗುತ್ತದೆ.

ದುಡ್ಡು ಖಾತೆಯಿಂದ ಹೋಗಿ ಮೀಟರಿಗೆ ಬಾರದಿದ್ದರೆ ಮತ್ತೆ ಹಾಕಬೇಡಿ. ಹೀಗಾಗುವುದಕ್ಕೆ ಎರಡು ಜಾಗವಿದೆ. ಒಂದು, ಪಾವತಿಯ ಸುದ್ದಿ ಬ್ಯಾಂಕಿನಿಂದ ಸರ್ವರಿಗೆ ತಲುಪಿಲ್ಲ. ಆಗ ಆ್ಯಪಿನಲ್ಲೂ ಬ್ಯಾಲೆನ್ಸ್ ಹಳೆಯದೇ ಇರುತ್ತದೆ. ಯುಪಿಐ ಆ್ಯಪಿನಲ್ಲಿ ಸಿಗುವ 12 ಅಂಕಿಯ ಉಲ್ಲೇಖ ಸಂಖ್ಯೆಯನ್ನು ಬರೆದುಕೊಂಡು ದೂರು ಕೊಡಿ. ಎರಡು, ಸರ್ವರಿಗೆ ಬಂದಿದೆ, ಮೀಟರಿಗೆ ಹೋಗಿಲ್ಲ. ಆಗ ಆ್ಯಪ್ ಒಂದು ಹೇಳುತ್ತದೆ, ಡಿಸ್‌ಪ್ಲೇ ಇನ್ನೊಂದು. ಮೀಟರುಗಳನ್ನು ಸರಪಳಿಯ ಹಾಗೆ ಒಂದರಿಂದ ಒಂದಕ್ಕೆ ಪೋಣಿಸಿದ ಆರ್‌ಎಸ್-485 ತಂತಿ ಎಲ್ಲೋ ಸಡಿಲವಾಗಿರುತ್ತದೆ, ಇಲ್ಲವೇ ಆ ಮಹಡಿಯ ಮೀಟರುಗಳನ್ನು ಸರ್ವರಿಗೆ ಜೋಡಿಸುವ ಗೇಟ್‌ವೇ ಸತ್ತಿರುತ್ತದೆ. ಪಕ್ಕದ ಮನೆಯವರಿಗೂ ಇದೇ ತೊಂದರೆಯಾ ಎಂದು ಕೇಳಿ. ಅವರಿಗೂ ಇದ್ದರೆ ಗೇಟ್‌ವೇ ಅಥವಾ ಸರಪಳಿ. ನಿಮಗೊಬ್ಬರಿಗೇ ಇದ್ದರೆ ನಿಮ್ಮ ಮೀಟರಿನ ಟರ್ಮಿನಲ್. ಇಷ್ಟು ಹೇಳಿದರೆ ಎಲೆಕ್ಟ್ರಿಷಿಯನ್ ಅರ್ಧ ದಿನ ಹುಡುಕುವುದು ತಪ್ಪುತ್ತದೆ.

31ರ ಸಂಜೆ, 1ರ ಬೆಳಗ್ಗೆ

31ರ ಸಂಜೆ ಡಿಸ್‌ಪ್ಲೇಯಲ್ಲಿ ಮೂರು ಅಂಕಿಗಳ ಫೋಟೋ ತೆಗೆದಿಡಿ: ಬೆಸ್ಕಾಂ ಯೂನಿಟ್, ಡಿಜಿ (ಜನರೇಟರ್) ಯೂನಿಟ್, ಬ್ಯಾಲೆನ್ಸ್. ಡಿಸ್‌ಪ್ಲೇ ತಾನಾಗಿ ಓಡುವಾಗ ಅಂಕಿ ಮಸುಕಾಗುತ್ತದೆ, ಗುಂಡಿ ಒತ್ತಿ ನಿಲ್ಲಿಸಿ ತೆಗೆಯಿರಿ. ಮೀಟರ್ ನಂಬರ್ ಒಂದೇ ಚಿತ್ರದಲ್ಲಿ ಬರಲಿ. ಮುಂದೆ ಜಗಳ ಬಂದರೆ ಹಳೇ ದರದ ಯೂನಿಟ್ ಎಲ್ಲಿಗೆ ಮುಗಿಯಿತು ಎನ್ನುವುದಕ್ಕೆ ಇದೊಂದೇ ಸಾಕ್ಷಿ.

1ರ ಬೆಳಗ್ಗೆ ಹೊಸ ದರ ಸರಿಯಾಗಿ ಕೂತಿದೆಯೇ ಎಂದು ನೀವೇ ಅಳೆಯಬಹುದು. ಅರ್ಧ ಗಂಟೆ ಗೀಸರ್ ಹಾಕಿದರೆ ಒಂದು ಯೂನಿಟ್ ಎಂದು ಗಡಿಯಾರ ನಂಬಿ ಕೂರಬೇಡಿ. 15 ಲೀಟರಿನ ಗೀಸರ್ ಇಪ್ಪತ್ತು ನಿಮಿಷದೊಳಗೆ ಕಾದು ಥರ್ಮೋಸ್ಟ್ಯಾಟ್ ಕಡಿದುಬಿಡುತ್ತದೆ. ರೀಡಿಂಗ್ ನೋಡಿ. ಡಿಸ್‌ಪ್ಲೇಯಲ್ಲಿ ದಶಮಾಂಶ ಒಂದೇ ಸ್ಥಾನವಿದ್ದರೆ, ಅಂಕಿ ಹೊರಳುವ ಕ್ಷಣ ಕಾದು ಅಲ್ಲಿಂದ ಎಣಿಸಿ. ಮೇಲಿನ 2025ರ ದರಗಳನ್ನೇ ಉದಾಹರಣೆಗೆ ಹಿಡಿದು, 4,316.2 ಇದ್ದಾಗ ಬ್ಯಾಲೆನ್ಸ್ 1,248.60 ಎಂದಿಟ್ಟುಕೊಳ್ಳಿ. ರೀಡಿಂಗ್ 4,318.2 ಆದಾಗ, ಅಂದರೆ ಎರಡು ಯೂನಿಟ್ ಕಳೆದಾಗ, ಬ್ಯಾಲೆನ್ಸ್ 1,235.24ರ ಆಸುಪಾಸು ಇರಬೇಕು. ಹಳೇ ದರವೇ ಓಡುತ್ತಿದ್ದರೆ 1,235.74 ಇರುತ್ತದೆ, ಐವತ್ತು ಪೈಸೆಯ ವ್ಯತ್ಯಾಸ, ಹಾಗಾಗಿ ಎರಡರ ಬದಲು ಹತ್ತು ಯೂನಿಟ್ ಅಳೆದರೆ ಇನ್ನೂ ಖಚಿತ. 1,232.60ಕ್ಕೆ ಇಳಿದಿದ್ದರೆ ನಿಮ್ಮಿಂದ ಯೂನಿಟ್ಟಿಗೆ 8 ರೂಪಾಯಿ ಹೋಗುತ್ತಿದೆ, ಮೇಲಿನ 1.32 ಯಾವ ಬಾಬತ್ತು ಎಂದು ಸಂಘವನ್ನು ಕೇಳಬೇಕು. ಈ ಅಳತೆಯನ್ನು ನಡುರಾತ್ರಿ ದಾಟಿಸಬೇಡಿ, ನಿಗದಿತ ಶುಲ್ಕ ನಡುವೆ ಬಿದ್ದು ಲೆಕ್ಕ ಕೆಡುತ್ತದೆ. ಆ್ಯಪಿನ ಬ್ಯಾಲೆನ್ಸನ್ನೂ ನೆಚ್ಚಬೇಡಿ, ಅದು ಮೀಟರಿಗಿಂತ ಅರ್ಧ ಗಂಟೆ ಹಿಂದೆ ಇರಬಹುದು.

ಹಳೇ ದರವೇ ಓಡುತ್ತಿದೆ ಎಂದು ಕಂಡರೆ ಒಳಗೊಳಗೇ ಖುಷಿಪಡುವವರಿದ್ದಾರೆ. ದರ ಮೀಟರಿನೊಳಗೇ ಕೂತಿರುವ ಮಾದರಿಗಳಲ್ಲಿ, ಸಂಪರ್ಕ ಕಡಿದ ಮೀಟರಿಗೆ ಹೊಸ ದರ ಹೋಗದೆ ಹೀಗಾಗುತ್ತದೆ. ಬ್ರಿಟನ್ನಿನ ಕೀ ಮೀಟರಿನಂತೆ ಇದೂ ಲಾಭವೇ ಎನಿಸಬಹುದು. ಆದರೆ ಸಂಘ ಬೆಸ್ಕಾಂಗೆ ಕಟ್ಟುವುದು ಹೊಸ ದರದಲ್ಲೇ. ಕೊರತೆ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬಿದ್ದು, ನಾಲ್ಕು ತಿಂಗಳ ಹಿಂಬಾಕಿ ಒಂದೇ ಸಲ ಬ್ಯಾಲೆನ್ಸಿಗೆ ಬಿದ್ದು, ರಾತ್ರಿ ಊಟದ ಹೊತ್ತಿಗೆ ಕರೆಂಟ್ ಹೋಗುತ್ತದೆ. ಮೊದಲೇ ತಿಳಿಸಿಬಿಡಿ.

ಡಿಜಿ ದರದ ಮೇಲೂ ಕಣ್ಣಿರಲಿ, ದೊಡ್ಡ ಸೋರಿಕೆ ಇರುವುದು ಅಲ್ಲೇ. 2025ರ ಏಪ್ರಿಲ್ 1ರಂದೇ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿ, ಬೆಂಗಳೂರಿನಲ್ಲಿ ಲೀಟರಿಗೆ ಎರಡು ರೂಪಾಯಿ ಹೆಚ್ಚಾಗಿ 91ರ ಹತ್ತಿರ ಬಂತು. ಒಂದು ಲೀಟರಿಗೆ ಮೂರರಿಂದ ಮೂರೂವರೆ ಯೂನಿಟ್ ಸಿಗುತ್ತದೆ, ಅಂದರೆ ಡೀಸೆಲ್ ಒಂದಕ್ಕೇ ಯೂನಿಟ್ಟಿಗೆ 26ರಿಂದ 30 ರೂಪಾಯಿ. ಈಗ ಓಡುತ್ತಿರುವುದು ಜನರೇಟರ್ ಎಂದು ಮೀಟರಿಗೆ ತಿಳಿಯುವುದು ಪ್ಯಾನಲ್‌ನಿಂದ ಬರುವ ಒಂದು ಸಣ್ಣ ಸೆನ್ಸ್ ವೈರಿನಿಂದ. ಅದರಲ್ಲಿ ಸದಾ ಸಿಗ್ನಲ್ ನಿಂತುಬಿಟ್ಟರೆ ಬೆಸ್ಕಾಂ ಕರೆಂಟೂ ಡಿಜಿ ಖಾತೆಗೆ ಹೋಗುತ್ತದೆ. ಹತ್ತು ಯೂನಿಟ್ ಹೀಗೆ ಹೋದರೂ ಇನ್ನೂರು ರೂಪಾಯಿಯ ಆಸುಪಾಸು ನಷ್ಟ. ಪರೀಕ್ಷೆ ಸುಲಭ: ಜನರೇಟರ್ ಸದ್ದು ನಿಂತಿರುವಾಗ ಡಿಸ್‌ಪ್ಲೇಯಲ್ಲಿ ಡಿಜಿ ಗುರುತು ಉರಿಯುತ್ತಿದೆಯೇ ನೋಡಿ. ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸಿ ಒಂದೇ ಫ್ಯಾನ್ ಹಾಕಿದರೆ, 3200 ಇಂಪಲ್ಸ್ (ಅಂದರೆ ಯೂನಿಟ್ಟಿಗೆ ಅಷ್ಟು ಸಲ ಮಿನುಗು) ಎಂದು ಬರೆದಿರುವ ಮೀಟರಿನಲ್ಲಿ 75 ವ್ಯಾಟಿನ ಫ್ಯಾನಿಗೆ ಕೆಂಪು ದೀಪ ಹದಿನೈದು ಸೆಕೆಂಡಿಗೊಮ್ಮೆ ಮಿನುಗಬೇಕು. ಫ್ಯಾನನ್ನೂ ಆರಿಸಿದ ಮೇಲೆ ಮಿನುಗುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ನಿಮ್ಮ ಮೀಟರಿಗೆ ಬೇರೆಯವರ ಲೈನ್ ಸೇರಿದೆ.

ಬಾಡಿಗೆ ಮನೆಯ ಸಬ್ ಮೀಟರಿನವರಿಗೆ ಒಂದೇ ಮಾತು: "ಒಂದನೇ ತಾರೀಖಿನಿಂದ ಯೂನಿಟ್ಟಿಗೆ ಒಂದು ರೂಪಾಯಿ ಜಾಸ್ತಿ ಕಣಪ್ಪಾ" ಎಂದು ಮನೆ ಓನರ್ ಹೇಳಿದ ದಿನವೇ ಅವರನ್ನು ಮೀಟರಿನ ಮುಂದೆ ಕರೆದು ರೀಡಿಂಗ್ ತೋರಿಸಿ, "ಅಂಕಲ್, ಮೇನ್ ಮೀಟರಿನ ಹೊಸ ಬಿಲ್ಲು ಬಂದಾಗ ಒಮ್ಮೆ ತೋರಿಸಿ" ಎಂದು ಕೇಳಿಟ್ಟುಕೊಳ್ಳಿ. ಬೆಸ್ಕಾಂನ ಮಾಸಿಕ ಬಿಲ್ಲಿಗೆ ಹೊಸ ದರ ಹತ್ತುವುದು ಏಪ್ರಿಲ್ 1ರಂದು ಅಥವಾ ಆಮೇಲೆ ಬರುವ ಮೊದಲ ರೀಡಿಂಗ್ ದಿನದಿಂದ. ಅವರ ಮನೆಗೆ ಮೀಟರ್ ರೀಡರ್ ಬರುವುದು ಎಂಟನೇ ತಾರೀಖು ಎಂದಾದರೆ, ನಿಮಗೂ ಎಂಟರಿಂದಲೇ.